ಮುಷ್ಕರ ಮುಗಿದರೂ ಮುಗಿಯದ ಮುನಿಸು: ಪೈಲಟ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಂಡ್ಯ ಕಡೆಯ ಕಬ್ಬು ಬೆಳೆಯುವ ಮನೆಯವನು. ವಿಮಾನ ಹಾರಿಸಿ ನಿವೃತ್ತನಾಗಿ ಈಗ ಮೈಸೂರಿನಲ್ಲಿದ್ದೇನೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುವಾಗ ಜೊತೆಗೆ ಬರುವವರು, ಮಂಡಕಳ್ಳಿಯಲ್ಲಿ ವಿಮಾನ ಕಲಿಯುವ ಹುಡುಗ ಹುಡುಗಿಯರು, ಕೆಲಸದಲ್ಲಿರುವ ಪೈಲಟ್‌ಗಳು, ಅವರ ಮನೆಯವರು, ಎಲ್ಲರೂ ಸುತ್ತಿ ಬಳಸಿ ಒಂದೇ ವಿಷಯಕ್ಕೆ ಬರುತ್ತಾರೆ. ಮುಷ್ಕರ ಮುಗಿದು ಎಷ್ಟೋ ವರ್ಷವಾದರೂ ಪೈಲಟ್‌ಗಳು ಒಬ್ಬರ ಮುಖ ಒಬ್ಬರು ಯಾಕೆ ನೋಡುವುದಿಲ್ಲ ಅಂತ. ನಾನೂ ಒಂದು ಮುಷ್ಕರದಲ್ಲಿದ್ದವನು. ಆ ಕಂಪನಿಯ ಹೆಸರು ಇಲ್ಲಿ ಬೇಡ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಬರೆದಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಮೊದಲು ತಿಳಿದಿರಬೇಕಾದ್ದು

ಲಕ್ಷಗಟ್ಟಲೆ ಸಂಬಳ ತಗೊಳ್ಳೋರಿಗೆ ಸ್ಟ್ರೈಕ್ ಯಾಕೆ ಸಾರ್ ಬೇಕು?

ಬರೀ ಸಂಬಳಕ್ಕೆ ಅಂತ ಆಗುವ ಮುಷ್ಕರಗಳು ಇವೆ, ಇಲ್ಲ ಅನ್ನುವುದಿಲ್ಲ. ಆದರೆ ಹೆಚ್ಚಿನ ಸಲ ಬೇರೆ ಏನೋ ಇರುತ್ತದೆ. 2009ರ ಸೆಪ್ಟೆಂಬರ್‌ನಲ್ಲಿ ಜೆಟ್ ಏರ್‌ವೇಸ್‌ನ ನೂರಾರು ಪೈಲಟ್‌ಗಳು ಒಟ್ಟಿಗೆ ಅನಾರೋಗ್ಯದ ರಜೆ ಹಾಕಿದರಲ್ಲ, ಅದು ಯೂನಿಯನ್ ಕಟ್ಟಲು ಹೋದವರನ್ನು ಕೆಲಸದಿಂದ ತೆಗೆದದ್ದಕ್ಕೆ. 2012ರಲ್ಲಿ ಏರ್ ಇಂಡಿಯಾದಲ್ಲಿ ಆದದ್ದು ಹೊಸ ವಿಮಾನದ ತರಬೇತಿ ಯಾರಿಗೆ ಸಿಗಬೇಕು ಅನ್ನುವುದಕ್ಕೆ. ಡ್ಯೂಟಿ ಗಂಟೆ, ರಾತ್ರಿ ಪಾಳಿ, ರಜೆ, ಬಡ್ತಿ, ಇವೂ ಇರುತ್ತವೆ. ಇನ್ನೊಂದು ವಿಷಯ ಹೊರಗಿನವರಿಗೆ ಕಾಣುವುದಿಲ್ಲ. ತುಂಬ ಜನ ಹುಡುಗರು ಅಪ್ಪನ ಜಮೀನು ಅಡ ಇಟ್ಟು, ಸಾಲ ಮಾಡಿ ಕಲಿತು ಬಂದಿರುತ್ತಾರೆ. ಕೈಗೆ ಬರುವ ಸಂಬಳದಲ್ಲಿ ಮೊದಲ ಕೆಲವು ವರ್ಷ ದೊಡ್ಡ ಪಾಲು ಕಂತಿಗೇ ಹೋಗುತ್ತದೆ. ಅಂಥವರು ಮುಷ್ಕರಕ್ಕೆ ಕೂತರೆ ಮೊದಲ ತಿಂಗಳಿಗೇ ಬ್ಯಾಂಕಿನಿಂದ ಫೋನ್ ಬರುತ್ತದೆ.

ಸ್ಟ್ರೈಕ್ ಮುಗಿದು ಎಲ್ಲ ಕೆಲಸಕ್ಕೆ ಬಂದಮೇಲೂ ಕೋಪ ಇರತ್ತೆ ಅಂತೀರಲ್ಲ, ಅದು ಕಂಪನಿ ಮೇಲೆ ತಾನೆ?

ಅಲ್ಲ. ಕಂಪನಿ ಮೇಲಿನ ಕೋಪ ಬೇಗ ಇಳಿಯುತ್ತದೆ. ಮ್ಯಾನೇಜರ್ ಬದಲಾಗುತ್ತಾನೆ, ಮಾಲೀಕರು ಬದಲಾಗುತ್ತಾರೆ, ಕೆಲವು ಸಲ ಕಂಪನಿಯೇ ಮುಚ್ಚಿಹೋಗುತ್ತದೆ. ಉಳಿಯುವುದು ಜೊತೆಯವರ ಮೇಲಿನ ಕೋಪ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ಚಿಕ್ಕವನಿದ್ದಾಗ ಸಕ್ಕರೆ ಕಾರ್ಖಾನೆಯವರು ಬಾಕಿ ಕೊಡುವ ತನಕ ಯಾರೂ ಕಬ್ಬು ಕಡಿಯಬಾರದು ಅಂತ ಊರವರೆಲ್ಲ ಅರಳಿಕಟ್ಟೆ ಮೇಲೆ ಕೂತು ಮಾತಾಡಿಕೊಂಡಿದ್ದರು. ಮೂರನೇ ರಾತ್ರಿಗೆ ಒಂದು ಮನೆಯವರು ಗಾಡಿ ಕಟ್ಟಿದರು. ಕಾರ್ಖಾನೆಯವರು ಆಮೇಲೆ ದುಡ್ಡು ಕೊಟ್ಟರು, ಆ ಸಿಟ್ಟು ಅಲ್ಲಿಗೇ ಮುಗಿಯಿತು. ಆದರೆ ಆ ಮನೆಯವರನ್ನು ಮದುವೆಗೆ ಕರೆಯುವುದು ಬಿಡುವುದು ಅಂತ ನಮ್ಮಪ್ಪನ ಕಾಲ ಮುಗಿಯುವ ತನಕ ಮಾತು ನಡೆಯುತ್ತಲೇ ಇತ್ತು. ಪೈಲಟ್‌ಗಳಲ್ಲಿ ಆಗುವುದೂ ಇದೇ.

'ಸ್ಕ್ಯಾಬ್' ಅಂತಾರಲ್ಲ, ಹಾಗಂದ್ರೆ ಏನು?

ಮುಷ್ಕರ ನಡೆಯುವಾಗ ಅದನ್ನು ಮುರಿದು ಕೆಲಸ ಮಾಡಿದವನಿಗೆ ಇಂಗ್ಲಿಷ್‌ನವರು ಇಟ್ಟ ಹೆಸರು. ಗಾಯದ ಮೇಲಿನ ಹಕ್ಕಳೆ ಅನ್ನುವುದು ಅದರ ಮೂಲ ಅರ್ಥ. ಪೈಲಟ್‌ಗಳ ನಡುವೆ ಇದಕ್ಕಿಂತ ಕೆಟ್ಟ ಬೈಗುಳ ಇಲ್ಲ. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಮುಷ್ಕರಕ್ಕೆ ಕೂತಿದ್ದು ನಡುವೆ ಎದ್ದುಹೋದ ಜೊತೆಗಾರ ಬೇರೆ. ಮುಷ್ಕರ ನಡೆಯುತ್ತಿದೆ ಅಂತ ಗೊತ್ತಿದ್ದೂ ಆ ಜಾಗವನ್ನು ಕಾಯಂ ಆಗಿ ಹಿಡಿಯಲು ಹೊರಗಿನಿಂದ ಬಂದವನು ಬೇರೆ. ಜನ ಇಬ್ಬರನ್ನೂ ಒಂದೇ ಮಾತಿನಲ್ಲಿ ಬೈಯುತ್ತಾರೆ. ನನ್ನ ಪ್ರಕಾರ ಅದು ಸರಿಯಲ್ಲ.

ಸೀನಿಯಾರಿಟಿ ಸೀನಿಯಾರಿಟಿ ಅಂತ ಯಾಕಿಷ್ಟು ಹೊಡೆದಾಡ್ತೀರಿ?

ಪೈಲಟ್‌ನ ಬದುಕು ಒಂದು ಪಟ್ಟಿಯ ಮೇಲೆ ನಿಂತಿರುತ್ತದೆ. ಯಾವತ್ತು ಸೇರಿದೆ ಅನ್ನುವುದರ ಮೇಲೆ ನಿನಗೊಂದು ನಂಬರ್. ಯಾವಾಗ ಕ್ಯಾಪ್ಟನ್ ಆಗುತ್ತೀಯ, ಯಾವ ವಿಮಾನ ಹಾರಿಸುತ್ತೀಯ, ಯಾವ ಊರಿನಲ್ಲಿ ಇರುತ್ತೀಯ, ದಸರಾಗೆ ರಜೆ ಸಿಗುತ್ತದೋ ಇಲ್ಲವೋ, ಎಲ್ಲ ಆ ನಂಬರ್ ಹೇಳುತ್ತದೆ. ಅಮೆರಿಕದ ಕಂಪನಿಗಳಲ್ಲಂತೂ ಇದು ಎಷ್ಟು ಗಟ್ಟಿ ಅಂದರೆ, 20 ವರ್ಷದ ಕ್ಯಾಪ್ಟನ್ ಬೇರೆ ಕಂಪನಿಗೆ ಹೋದರೆ ಅಲ್ಲಿ ಪಟ್ಟಿಯ ಕೊನೆಗೆ ಹೋಗಿ ನಿಲ್ಲಬೇಕು. ಹಾಗಾಗಿ ಕೆಲಸ ಬಿಟ್ಟು ಹೋಗುವುದು ಸುಲಭವಲ್ಲ.

ಮುಷ್ಕರದಲ್ಲಿ ಆ ಪಟ್ಟಿ ಕೆಡುತ್ತದೆ. ಕೆಲಸಕ್ಕೆ ಹೋದವನು ಮೊದಲೇ ಕ್ಯಾಪ್ಟನ್ ಆಗಿಬಿಡುತ್ತಾನೆ. ಕೂತವನು ವಾಪಸ್ ಬಂದು ನೋಡಿದರೆ ತನಗಿಂತ ಕಿರಿಯವನು ಎಡಗಡೆಯ ಕ್ಯಾಪ್ಟನ್ ಸೀಟಿನಲ್ಲಿ ಕೂತಿರುತ್ತಾನೆ. 65ಕ್ಕೆ ನಿವೃತ್ತಿ. 35ನೇ ವಯಸ್ಸಿನಲ್ಲಿ ಹೀಗಾದರೆ ಮುಂದಿನ 30 ವರ್ಷ, ಪ್ರತಿ ತಿಂಗಳ ರೋಸ್ಟರ್, ಅಂದರೆ ಡ್ಯೂಟಿ ಪಟ್ಟಿ, ಬಂದಾಗಲೂ ಆ ಮುಷ್ಕರ ನೆನಪಾಗುತ್ತದೆ. ಸುಮ್ನೆ ಮರೆತುಬಿಡಿ ಅನ್ನುವವರು ಇದನ್ನು ಯೋಚಿಸಬೇಕು.

2021ರಲ್ಲಿ ನಮ್ಮ ಕೆಎಸ್‌ಆರ್‌ಟಿಸಿಯವರೂ ಸ್ಟ್ರೈಕ್ ಮಾಡಿದ್ರು. ಅದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಹೊಟ್ಟೆಯ ಸಂಕಟದಲ್ಲಿ ವ್ಯತ್ಯಾಸವಿಲ್ಲ. ಆ ವರ್ಷ ಏಪ್ರಿಲ್ 7ರಿಂದ 21ರ ತನಕ, 6ನೇ ವೇತನ ಆಯೋಗದ ಸಂಬಳ ಕೊಡಿ ಅಂತ ಸಾರಿಗೆ ನೌಕರರು ಕೂತಿದ್ದರು. ಮೈಸೂರಿನ ಸಬರ್ಬನ್ ಬಸ್ ನಿಲ್ದಾಣದ ಒಳಗೆ ಖಾಸಗಿ ಬಸ್ಸು ನಿಂತಿದ್ದು ನೋಡಿದವರಿಗೆ ನೆನಪಿರಬೇಕು. ಕೆಲಸ ಕಳೆದುಕೊಂಡವರು, ದೂರದ ಡಿಪೋಗೆ ವರ್ಗವಾದವರು, ನಡುವೆ ಬಸ್ಸು ತೆಗೆದವರು, ಎಲ್ಲ ಅಲ್ಲೂ ಇದ್ದರು.

ವ್ಯತ್ಯಾಸ ಇರುವುದು ಕೂರುವ ಜಾಗದಲ್ಲಿ. ಬಸ್ಸಿನಲ್ಲಿ ಸ್ಟೀರಿಂಗ್ ಹಿಡಿಯುವವರು ಒಬ್ಬರೇ, ಮಾತು ಬಿಟ್ಟವರು ಬೇರೆ ಬೇರೆ ರೂಟಿನಲ್ಲಿ ಇರಬಹುದು. ವಿಮಾನದಲ್ಲಿ ಇಬ್ಬರು ಮೊಣಕೈ ತಾಗುವಷ್ಟು ಹತ್ತಿರ ಕೂತು, ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಜೋರಾಗಿ ಹೇಳಿ ಖಚಿತ ಮಾಡುತ್ತಾ ಹೋಗಬೇಕು.

## ನಡೆದದ್ದು ಏನು

ನಮ್ಮ ದೇಶದಲ್ಲಿ ಇಷ್ಟು ದೊಡ್ಡದು ಯಾವತ್ತು ಆಗಿತ್ತು?

ತುಂಬ ಉದ್ದದ್ದು 2012ರದ್ದು, ಏರ್ ಇಂಡಿಯಾದಲ್ಲಿ, 58 ದಿನ. ಆದರೆ ಅದು ಅರ್ಥವಾಗಬೇಕಾದರೆ 2007ಕ್ಕೆ ಹೋಗಬೇಕು. ಆ ವರ್ಷ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಎರಡನ್ನೂ ಸೇರಿಸಿ ಒಂದು ಮಾಡಿದರು. ಕಾಗದದಲ್ಲಿ ಒಂದಾಯಿತು. ಪೈಲಟ್‌ಗಳ ಸಂಬಳ ಎರಡು ಥರ, ಬಡ್ತಿ ಎರಡು ಥರ, ಯೂನಿಯನ್ನೂ ಎರಡು.

2011ರ ಏಪ್ರಿಲ್ ಕೊನೆಯಲ್ಲಿ ಹಳೆಯ ಇಂಡಿಯನ್ ಏರ್‌ಲೈನ್ಸ್ ಕಡೆಯವರು, ಸಮಾನ ಸಂಬಳ ಬೇಕು ಅಂತ ಹತ್ತು ದಿನ ಮುಷ್ಕರ ಮಾಡಿದರು. ಮರುವರ್ಷ ಮೇ ತಿಂಗಳಲ್ಲಿ ಹಳೆಯ ಏರ್ ಇಂಡಿಯಾ ಕಡೆಯವರ ಸರದಿ. ಬರಲಿದ್ದ ಬೋಯಿಂಗ್ 787 ಡ್ರೀಮ್‌ಲೈನರ್‌ಗೆ ಆ ಕಡೆಯವರಿಗೂ ತರಬೇತಿ ಕೊಟ್ಟರೆ ನಮ್ಮ ಬಡ್ತಿಯ ಗತಿ ಏನು ಅಂತ ಇವರು ಕೂತರು. ಎರಡೂ ಸಲ ಯೂನಿಯನ್ನಿನ ಮಾನ್ಯತೆ ರದ್ದಾಯಿತು, ಎರಡೂ ಸಲ ಕೆಲವರನ್ನು ತೆಗೆದರು. 2012ರದ್ದು ದೆಹಲಿ ಹೈಕೋರ್ಟ್ ಮುಂದೆ ಹೋಗಿ ಜುಲೈ 3ಕ್ಕೆ ಮುಗಿಯಿತು. ಡ್ರೀಮ್‌ಲೈನರ್ ಸೆಪ್ಟೆಂಬರ್‌ನಲ್ಲಿ ಬಂದಿಳಿಯಿತು.

ಇದರಲ್ಲಿ ನನಗೆ ಬೇಜಾರಾಗುವುದು ಒಂದೇ. ಎರಡು ಕಡೆಯವರ ದೂರೂ ಒಂದೇ ಬೇರಿನಿಂದ ಹುಟ್ಟಿದ್ದು, ಸರಿಯಾಗಿ ಬೆಸೆಯದ ಆ ಸೇರ್ಪಡೆ. ಆದರೂ ಅವರು ಕೂತಾಗ ಇವರು, ಇವರು ಕೂತಾಗ ಅವರು ವಿಮಾನ ಹಾರಿಸುತ್ತಿದ್ದರು. ಹಾಗಾಗಿ ಎರಡೂ ಕಡೆಯವರ ಮನಸ್ಸಿನಲ್ಲಿ 'ನಮಗೆ ಬೇಕಾದಾಗ ನೀವು ಬರಲಿಲ್ಲ' ಅನ್ನುವ ಮಾತು ಉಳಿಯಿತು.

ಅಮೆರಿಕದಲ್ಲಿ 40 ವರ್ಷ ಆದ್ರೂ ಮಾತಾಡಲ್ವಂತೆ, ನಿಜಾನಾ?

ನಿಜ. ಅದರಲ್ಲಿ ಮೊದಲು ಹೇಳಬೇಕಾದ್ದು ಕಾಂಟಿನೆಂಟಲ್ ಏರ್‌ಲೈನ್ಸ್. 1983ರ ಸೆಪ್ಟೆಂಬರ್ 24ರಂದು ಫ್ರಾಂಕ್ ಲೊರೆಂಜೊ ಕೈಯಲ್ಲಿದ್ದ ಆ ಕಂಪನಿ ದಿವಾಳಿ ಅರ್ಜಿ ಹಾಕಿತು, ಯೂನಿಯನ್ ಜೊತೆಗಿನ ಒಪ್ಪಂದಗಳನ್ನು ಪಕ್ಕಕ್ಕೆ ತಳ್ಳಿತು, ಮೂರೇ ದಿನದಲ್ಲಿ ಹೆಚ್ಚುಕಮ್ಮಿ ಅರ್ಧ ಸಂಬಳಕ್ಕೆ ಮತ್ತೆ ಹಾರಾಟ ಶುರು ಮಾಡಿತು. ಅಕ್ಟೋಬರ್ 1ರಿಂದ ಪೈಲಟ್‌ಗಳು ಕೂತರು. ಅದು ಮುಗಿದದ್ದು 1985ರ ಅಕ್ಟೋಬರ್ ಕೊನೆಗೆ. ಎರಡು ವರ್ಷ! ಅಷ್ಟು ದಿನ ಯಾವ ಮನೆ ತಡೆಯುತ್ತದೆ? ಒಬ್ಬೊಬ್ಬರೇ ಹೋದರು, ಹೊರಗಿನವರೂ ಬಂದು ಸೇರಿದರು.

ಆಗ ಹೋದವರ ಹೆಸರಿನ ಪಟ್ಟಿ ಅಚ್ಚಾಯಿತು. ಪೈಲಟ್‌ಗಳು ಅದನ್ನು ಫ್ಲೈಟ್ ಬ್ಯಾಗಿನಲ್ಲಿ ಮಡಿಚಿ ಇಟ್ಟುಕೊಂಡು ತಿರುಗುತ್ತಿದ್ದರು. ಯಾಕೆ ಗೊತ್ತಾ? ಅಲ್ಲಿ ಬೇರೆ ಕಂಪನಿಯ ಪೈಲಟ್ ಕೂಡ ಮನೆಗೆ ಹೋಗುವಾಗ ಕಾಕ್‌ಪಿಟ್ಟಿನೊಳಗೆ ಪೈಲಟ್‌ಗಳ ಹಿಂದಿರುವ ಜಂಪ್‌ಸೀಟ್ ಕೇಳಬಹುದು, ಕೊಡುವುದು ಬಿಡುವುದು ಕ್ಯಾಪ್ಟನ್‌ಗೆ ಸೇರಿದ್ದು. ರಾತ್ರಿಯ ಕೊನೆಯ ವಿಮಾನ, ಒಬ್ಬ ಯೂನಿಫಾರ್ಮಿನಲ್ಲಿ ಬಾಗಿಲ ಹತ್ತಿರ ನಿಂತು ಕೇಳುತ್ತಾನೆ. ಕ್ಯಾಪ್ಟನ್ ಅವನ ಐಡಿ ನೋಡಿ, ಪಟ್ಟಿ ಬಿಚ್ಚಿ, ಬೆರಳಿಟ್ಟು ಹೆಸರು ಹುಡುಕಿ, ಐಡಿ ವಾಪಸ್ ಕೊಡುತ್ತಾನೆ. ಇಲ್ಲ ಅಂತ ಬಾಯಿಬಿಟ್ಟು ಹೇಳುವುದೇ ಬೇಡ.

ಯುನೈಟೆಡ್ ಏರ್‌ಲೈನ್ಸ್‌ನದ್ದು ಬೇರೆ ಥರ. 1985ರ ಮೇ 17ರಿಂದ 29 ದಿನ. ಹೊಸಬರಿಗೆ ಕಡಿಮೆ ಸಂಬಳದ ಎರಡನೇ ದರ್ಜೆ ಮಾಡಬೇಕು ಅಂತ ಕಂಪನಿ ಹೊರಟಿತ್ತು. ಆಗ ತರಬೇತಿ ಮುಗಿಸಿ ಕಾಯುತ್ತಿದ್ದ ಸುಮಾರು 570 ಹುಡುಗರು, ಇನ್ನೂ ಒಂದು ದಿನ ಕೆಲಸ ಮಾಡಿರದವರು, ಮುಷ್ಕರ ಮುರಿಯಲು ಒಪ್ಪಲಿಲ್ಲ. ಕಂಪನಿ ಅವರನ್ನು ಹೊರಗಿಟ್ಟಿತು. ಯೂನಿಯನ್ ಕೋರ್ಟಿಗೆ ಹೋಗಿ, ಪಟ್ಟು ಬಿಡದೆ, ಕೊನೆಗೆ ಅವರನ್ನು ಒಳಗೆ ತಂದಿತು. ಇವತ್ತಿಗೂ 'ಆ 570' ಅಂದರೆ ಅಲ್ಲಿ ಗೌರವ. 2010ರಲ್ಲಿ ಕಾಂಟಿನೆಂಟಲ್ ಮತ್ತು ಯುನೈಟೆಡ್ ಒಂದಾದವು. 1983ರಲ್ಲಿ ಮುಷ್ಕರ ಮುರಿದು ಹಾರಿಸಿದವರಲ್ಲಿ ಉಳಿದಿದ್ದವರೂ 1985ರಲ್ಲಿ ಕೂತವರೂ ಒಂದೇ ಪಟ್ಟಿಗೆ ಬಂದರು. ಹಳೆಯ ಲೆಕ್ಕ ಹಾಗೆ ಮತ್ತೆ ತೆರೆಯಿತು.

ಪೂರ್ತಿ ಸೋತ ಸ್ಟ್ರೈಕ್ ಯಾವುದು?

ಆಸ್ಟ್ರೇಲಿಯಾದ್ದು, 1989. ಪೈಲಟ್‌ಗಳು 29.47 ಶೇಕಡ ಹೆಚ್ಚು ಸಂಬಳ ಕೇಳಿದರು. ಮೊದಲು ಬೆಳಿಗ್ಗೆ 9ರಿಂದ ಸಂಜೆ 5ರ ತನಕ ಮಾತ್ರ ಹಾರಿಸುತ್ತೇವೆ ಅಂದರು. ಪ್ರಧಾನಿ ಬಾಬ್ ಹಾಕ್ ಸ್ವತಃ ಕಾರ್ಮಿಕ ಸಂಘದಿಂದ ಬೆಳೆದುಬಂದ ಮನುಷ್ಯ, ಆದರೂ ಗಟ್ಟಿಯಾಗಿ ಕಂಪನಿಗಳ ಕಡೆ ನಿಂತರು. ಜನರನ್ನು ಸಾಗಿಸಲು ವಾಯುಪಡೆಯ ವಿಮಾನಗಳನ್ನೇ ಇಳಿಸಿದರು. ಕಂಪನಿಗಳು ಒಬ್ಬೊಬ್ಬರ ಮೇಲೂ ಕೇಸು ಹಾಕಲು ಹೊರಟಾಗ, ಅದರಿಂದ ತಪ್ಪಿಸಿಕೊಳ್ಳಲು 1,600ಕ್ಕೂ ಹೆಚ್ಚು ಪೈಲಟ್‌ಗಳು ಒಟ್ಟಿಗೆ ರಾಜೀನಾಮೆ ಕೊಟ್ಟರು. ಕಂಪನಿಗಳು ಹೊರದೇಶದಿಂದ ಪೈಲಟ್‌ಗಳನ್ನು ಕರೆಸಿದವು. ಎಷ್ಟೋ ಜನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬೇರೆ ದೇಶಕ್ಕೆ ದುಡಿಯಲು ಹೋದರು. ಇದು ಮುಗಿಯಿತು ಅಂತ ಯಾರೂ ಸಹಿ ಹಾಕಿದ ಒಪ್ಪಂದವೇ ಇಲ್ಲ. ಅಲ್ಲಿನ ಮುನಿಸು ಅಷ್ಟು ಆಳಕ್ಕೆ ಇಳಿಯಲು ಇದೇ ಕಾರಣ ಅಂತ ನಾನು ನಂಬಿದ್ದೇನೆ.

## ಕಾಕ್‌ಪಿಟ್ ಒಳಗೆ

ಮಾತು ಬಿಟ್ಟಿರೋ ಇಬ್ರು ಒಂದೇ ವಿಮಾನ ಹಾರಿಸಿದ್ರೆ ಹಿಂದೆ ಕೂತಿರೋ ನಮ್ಮ ಗತಿ ಏನು?

ಹೆದರಬೇಡಿ ಅಂತ ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದು, ಆದರೆ ಅದು ಪೂರ್ತಿ ಸತ್ಯವಲ್ಲ.

ಸಮಾಧಾನದ ಮಾತು ಮೊದಲು. ಕಾಕ್‌ಪಿಟ್ಟಿನಲ್ಲಿ ಬೇಕಾದ ಮಾತು ಮೊದಲೇ ಬರೆದಿಟ್ಟಿರುತ್ತದೆ. ಗೇರ್ ಇಳಿಸು ಅಂತ ಒಬ್ಬರು ಹೇಳಬೇಕು, ಇಳಿದಿದೆ ಅಂತ ಇನ್ನೊಬ್ಬರು ಹೇಳಬೇಕು. ಎತ್ತರ, ವೇಗ, ಎಲ್ಲಕ್ಕೂ ಹೀಗೇ. ಹತ್ತು ಸಾವಿರ ಅಡಿಗಿಂತ ಕೆಳಗೆ ಬೇರೆ ಹರಟೆಗೆ ಅವಕಾಶವೇ ಇಲ್ಲ. 1974ರಲ್ಲಿ ಅಮೆರಿಕದ ಷಾರ್ಲೆಟ್ ಹತ್ತಿರ ಈಸ್ಟರ್ನ್ ಏರ್‌ಲೈನ್ಸ್ ವಿಮಾನ ಬಿದ್ದು 72 ಜನ ಸತ್ತರು. ಇಳಿಯುವ ಹೊತ್ತಿನಲ್ಲಿ ಪೈಲಟ್‌ಗಳು ಬೇಡದ ಮಾತಿನಲ್ಲಿ ಮುಳುಗಿದ್ದರು. ಅಂಥ ಅಪಘಾತಗಳಿಂದಲೇ 1981ರಲ್ಲಿ ಅಲ್ಲಿ ಈ ನಿಯಮ ಬಂತು. ಹಾಗಾಗಿ ಸ್ನೇಹ ಇಲ್ಲದಿದ್ದರೂ ಇಬ್ಬರು ಒಂದು ವಿಮಾನವನ್ನು ಸರಿಯಾಗಿ ಹಾರಿಸಿ ಇಳಿಸಬಹುದು. ದಿನಾ ಇಳಿಸುತ್ತಾರೆ.

ಈಗ ಕಷ್ಟದ ಮಾತು. ಬರೆದಿಟ್ಟ ಮಾತು ಬರುತ್ತದೆ, ಬರೆದಿಡದ ಮಾತು ಬರುವುದಿಲ್ಲ. 'ಕ್ಯಾಪ್ಟನ್, ನಿಮಗೆ ಸುಸ್ತಾದ ಹಾಗಿದೆ, ಈ ಲ್ಯಾಂಡಿಂಗ್ ನಾನು ಮಾಡಲಾ?' ಅನ್ನುವುದು ಯಾವ ಪುಸ್ತಕದಲ್ಲೂ ಇಲ್ಲ. 'ನನಗೆ ಆ ಮೋಡ ಯಾಕೋ ಸರಿ ಕಾಣುತ್ತಿಲ್ಲ' ಅನ್ನುವುದೂ ಇಲ್ಲ. ಅನುಮಾನ ಪೂರ್ತಿ ಗಟ್ಟಿಯಾಗುವ ಮೊದಲೇ ಬಾಯಿಬಿಡಬೇಕು, ಅದಕ್ಕೆ ಪಕ್ಕದವನು ಸಿಡುಕುವುದಿಲ್ಲ ಅನ್ನುವ ನಂಬಿಕೆ ಬೇಕು. 1977ರಲ್ಲಿ ಟೆನೆರಿಫ್‌ನಲ್ಲಿ ಎರಡು ಜಂಬೋ ವಿಮಾನ ರನ್‌ವೇ ಮೇಲೆ ಡಿಕ್ಕಿ ಹೊಡೆದು 583 ಜನ ಸತ್ತ ಮೇಲೆ ಇಡೀ ಜಗತ್ತು ಕಲಿತ ಪಾಠಗಳಲ್ಲಿ ಇದೂ ಒಂದು. ಕಿರಿಯರು ಅನುಮಾನವನ್ನು ನುಂಗಿಕೊಳ್ಳಬಾರದು, ಹಿರಿಯರು ಕಿವಿ ಮುಚ್ಚಿಕೊಳ್ಳಬಾರದು. ಇದನ್ನು ಈಗ ಎಲ್ಲ ಪೈಲಟ್‌ಗಳಿಗೂ ಸಿಆರ್‌ಎಂ (ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್) ಅನ್ನುವ ಹೆಸರಿನಲ್ಲಿ ಕಲಿಸುತ್ತಾರೆ. ಮುನಿಸು ಕೆಡಿಸುವುದು ಇದನ್ನೇ. ಅದಕ್ಕೇ ಕೆಲವು ಕಂಪನಿಗಳಲ್ಲಿ ಇಂಥವರ ಜೊತೆ ನನ್ನನ್ನು ಹಾಕಬೇಡಿ ಅಂತ ಪೈಲಟ್ ಮೊದಲೇ ಬರೆದುಕೊಡಬಹುದು. ಅದನ್ನು ಹೇಡಿತನ ಅನ್ನಬೇಡಿ. ಪ್ರಾಮಾಣಿಕತೆ ಅದು.

ನೀವೂ ಹಾಗೆ ಮಾತು ಬಿಟ್ಟವರ ಜೊತೆ ಹಾರಿಸಿದ್ದೀರಾ?

ಹಾರಿಸಿದ್ದೇನೆ. ನನಗಿಂತ ಎರಡು ಬ್ಯಾಚ್ ಕಿರಿಯ, ನಮ್ಮ ಮಂಡ್ಯ ಕಡೆಯವನೇ. ನನ್ನನ್ನು ಅಣ್ಣ ಅನ್ನುತ್ತಿದ್ದ. ಮುಷ್ಕರದ ಒಂಬತ್ತನೇ ದಿನ ಅವನು ಕೆಲಸಕ್ಕೆ ಹೋದ. ಮುಗಿದ ಮೇಲೆ ನಾನು ಮಾತು ಬಿಟ್ಟೆ. ಅವನೂ ಅಣ್ಣ ಅನ್ನುವುದು ಬಿಟ್ಟು ಕ್ಯಾಪ್ಟನ್ ಅನ್ನತೊಡಗಿದ.

ಒಂದು ದಿನ ರೋಸ್ಟರ್ ನಮ್ಮಿಬ್ಬರನ್ನು ಒಟ್ಟಿಗೆ ಹಾಕಿತು, ನಾಲ್ಕು ಸೆಕ್ಟರ್, ಅಂದರೆ ಒಂದರ ಹಿಂದೆ ಒಂದು ನಾಲ್ಕು ಹಾರಾಟ. ಮೊದಲೆಲ್ಲ ಅವನು ಮನೆಯಿಂದ ಸ್ಟೀಲ್ ಡಬ್ಬಿಯಲ್ಲಿ ನಿಪ್ಪಟ್ಟು ತರುತ್ತಿದ್ದ, ಮೇಲೆ ಹೋಗಿ ವಿಮಾನ ಸಮವಾದ ಮೇಲೆ ಇಬ್ಬರೂ ತಿನ್ನುತ್ತಿದ್ದೆವು. ಆವತ್ತೂ ತಂದಿದ್ದ. ಎರಡನೇ ಸೆಕ್ಟರ್‌ನಲ್ಲಿ ಡಬ್ಬಿ ತೆಗೆದ, ಮುಚ್ಚಳ ಬಿಚ್ಚಿದ, ಮಾತಾಡದೆ ನನ್ನ ಕಡೆ ಹಿಡಿದ. ಕಾಯಿಸಿದ ಎಣ್ಣೆ, ಕರಿಬೇವಿನ ವಾಸನೆ ಬಂತು. ನಾನು ಎದುರಿನ ಗಾಜು ನೋಡುತ್ತಾ ಕೂತೆ. ಸ್ವಲ್ಪ ಹೊತ್ತು ಹಿಡಿದಿದ್ದು ಆಮೇಲೆ ಮುಚ್ಚಿ ಬ್ಯಾಗಿನೊಳಗೆ ಇಟ್ಟ. ತಾನೂ ತಿನ್ನಲಿಲ್ಲ.

ನಾಲ್ಕನೇ ಸೆಕ್ಟರ್ ರಾತ್ರಿ, ಜೋರು ಮಳೆ. ಇಳಿಯುವಾಗ ರನ್‌ವೇ ದೀಪ ಕಂಡ ಹಾಗಾಗಿ ಮತ್ತೆ ಮರೆಯಾಯಿತು. 'ಗೋ ಅರೌಂಡ್' ಅಂದ ಅವನು, ಅಂದರೆ ಇಳಿಯುವುದು ಬೇಡ, ಮತ್ತೆ ಮೇಲೆತ್ತಿ ಅಂತ, ಗಟ್ಟಿಯಾಗಿ, ಒಂದು ಕ್ಷಣ ತಡ ಮಾಡದೆ. ನಾನು ಆ ಕ್ಷಣವೇ ಪವರ್ ಕೊಟ್ಟು ಮೇಲೆತ್ತಿದೆ. ಎರಡನೇ ಸಲ ಸರಿಯಾಗಿ ಇಳಿದೆವು. ಅವನು ತನ್ನ ಕೆಲಸ ಚೆನ್ನಾಗಿ ಮಾಡಿದ್ದ. ಚೆನ್ನಾಗಿ ಹೇಳಿದೆ ಕಣೋ ಅಂತ ನಾನು ಹೇಳಬೇಕಿತ್ತು. ಹೇಳಲಿಲ್ಲ. ಅದು ನನ್ನ ತಪ್ಪು.

## ಮನೆ, ಮನಸ್ಸು

ಅವರ ಜಗಳಕ್ಕೆ ನಾವು ಹೆಂಗಸರು ಯಾಕೆ ಮಾತು ಬಿಡಬೇಕು? ಮಕ್ಕಳು ಒಂದೇ ಸ್ಕೂಲು.

ಬಿಡಬೇಕಾಗಿಲ್ಲ ತಾಯಿ. ಆದರೆ ನಿಮ್ಮ ಮನೆಯಲ್ಲಿ ಆ ದಿನಗಳಲ್ಲಿ ಏನಾಯಿತು ಅಂತ ನಿಮಗೆ ಗೊತ್ತಿದೆ, ಪಕ್ಕದ ಮನೆಯವರಿಗೆ ಗೊತ್ತಿಲ್ಲ. ಒಬ್ಬರು ಬಳೆ ಅಡ ಇಟ್ಟು ಮುಷ್ಕರದ ಜೊತೆ ನಿಂತಿರುತ್ತಾರೆ. ಇನ್ನೊಬ್ಬರ ಮನೆಯಲ್ಲಿ ಆಸ್ಪತ್ರೆ ಬಿಲ್ ಕಟ್ಟಲೇಬೇಕಾಗಿರುತ್ತದೆ. ಮೊದಲಿನವರಿಗೆ ಎರಡನೆಯವರ ಮನೆ ಮುಂದೆ ಕಂಪನಿ ಕಾರು ಬಂದು ನಿಂತದ್ದಷ್ಟೇ ಕಾಣುತ್ತದೆ. ಮಕ್ಕಳ ಎದುರು ಆ ಮನೆಯವರ ಬಗ್ಗೆ ಮಾತಾಡುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ನನ್ನ ಮಗಳು ಎಂಟು ವರ್ಷದವಳಿದ್ದಾಗ ಒಬ್ಬ ಹುಡುಗನಿಗೆ 'ನಿಮ್ಮಪ್ಪ ಮೋಸಗಾರ' ಅಂತ ಸ್ಕೂಲ್ ಬಸ್ಸಿನಲ್ಲಿ ಹೇಳಿದ್ದಳು. ಆ ಮಾತು ಅವಳಿಗೆ ಎಲ್ಲಿಂದ ಬಂತು? ನನ್ನ ಊಟದ ಮೇಜಿನಿಂದಲೇ.

ಹಾಗಾದ್ರೆ ಕೆಲಸಕ್ಕೆ ಹೋದವರದ್ದು ತಪ್ಪು ಅಂತೀರಾ, ಇಲ್ಲ ಅಂತೀರಾ?

ಸಭೆಯಲ್ಲಿ ಕೈ ಎತ್ತಿ, ಒಪ್ಪಿಗೆ ಅಂತ ಹೇಳಿ, ಆಮೇಲೆ ಮುರಿದರೆ ತಪ್ಪು. ನಿಮ್ಮ ಮಾತು ನಂಬಿ ಇನ್ನೊಬ್ಬ ತನ್ನ ಮನೆಯ ಅನ್ನ ಪಣಕ್ಕಿಟ್ಟಿರುತ್ತಾನೆ. ಈ ಮಾತಿನಿಂದ ನಾನು ಹಿಂದೆ ಸರಿಯುವುದಿಲ್ಲ.

ಆದರೆ ಎಲ್ಲರ ತಪ್ಪೂ ಒಂದೇ ತೂಕದ್ದಲ್ಲ. ಮೊದಲೇ ಒಪ್ಪಲ್ಲ ಅಂತ ಎದ್ದು ಹೇಳಿದವನು ಮೋಸ ಮಾಡಿಲ್ಲ. ಕಷ್ಟಕ್ಕೆ ಸಿಕ್ಕಿ ಹೋದವನು, ಬಡ್ತಿಗೆ ಆಸೆಪಟ್ಟು ಹೋದವನು, ಇಬ್ಬರೂ ಬೇರೆ. ಇನ್ನೊಂದನ್ನೂ ಕೇಳಿಕೊಳ್ಳಬೇಕು. ಅವನು ಕಷ್ಟದಲ್ಲಿದ್ದಾಗ ಯೂನಿಯನ್ ಏನು ಮಾಡಿತು? ನಮ್ಮದರಲ್ಲಿ ಕಷ್ಟ ನಿಧಿ ಅಂತಲೇ ಇರಲಿಲ್ಲ. ಆ ನಿಪ್ಪಟ್ಟು ತಂದವನ ತಾಯಿ ಆಗ ಆಸ್ಪತ್ರೆಯಲ್ಲಿದ್ದರು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಕಳೆದ ಮೇಲೆ.

## ಇನ್ನೂ ಆಳಕ್ಕೆ

ಅಂಕಲ್, ನನಗೆ ಈಗಷ್ಟೇ ಕೆಲಸ ಸಿಕ್ಕಿದೆ. ಹಿರಿಯರ ಜಗಳದಲ್ಲಿ ನಾನು ಯಾರ ಕಡೆ ಇರಲಿ?

ಯಾರ ಕಡೆಯೂ ಬೇಡ. ಯಾರಾದರೂ ಹಳೆಯ ಪಟ್ಟಿ ತೋರಿಸಿ ಇವನ ಜೊತೆ ಊಟ ಮಾಡಬೇಡ ಅಂದರೆ, ಆಗ ನಾನು ಇರಲಿಲ್ಲ ಸಾರ್ ಅನ್ನು, ಸಾಕು. ಇಬ್ಬರ ಕಥೆಯನ್ನೂ ಕೇಳಿಸಿಕೋ. ಒಬ್ಬರದ್ದನ್ನು ಇನ್ನೊಬ್ಬರ ಹತ್ತಿರ ಒಯ್ಯಬೇಡ.

ಎಲ್ಲರೂ ಸಿಕ್ ಲೀವ್ ಹಾಕಿದ್ರೆ ಆಯ್ತಲ್ಲ, ಸ್ಟ್ರೈಕ್ ಅಂತ ಹೆಸರೇ ಬರಲ್ಲ, ಅಲ್ವಾ?

ಹಾಗೆ ಅಂದುಕೊಂಡೇ ಎಷ್ಟೋ ಜನ ಮಾಡಿದ್ದಾರೆ. 1947ರ ಕೈಗಾರಿಕಾ ವಿವಾದ ಕಾಯಿದೆಯಲ್ಲಿ ವಿಮಾನ ಸಾರಿಗೆ ಸಾರ್ವಜನಿಕ ಉಪಯುಕ್ತ ಸೇವೆ, ಮುಷ್ಕರಕ್ಕೆ ಕನಿಷ್ಠ 14 ದಿನ ಮೊದಲು ನೋಟಿಸ್ ಕೊಡಬೇಕಿತ್ತು. ಅದನ್ನು ದಾಟಲು ರಜೆ ದಾರಿ ಹಿಡಿಯುತ್ತಿದ್ದರು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಆ ದಾರಿಯನ್ನು ಕಿರಿದು ಮಾಡಿದೆ. ಅರ್ಧ ಅಥವಾ ಅದಕ್ಕಿಂತ ಹೆಚ್ಚು ನೌಕರರು ಒಂದೇ ದಿನ ಒಟ್ಟಾಗಿ ಕ್ಯಾಶುವಲ್ ರಜೆ ಹಾಕಿದರೆ ಅದನ್ನೂ ಮುಷ್ಕರ ಅಂತಲೇ ಅದು ಹೇಳುತ್ತದೆ.

ನನ್ನ ಚಿಂತೆ ಕಾನೂನಿನದ್ದಲ್ಲ. ಬಾಯಿಬಿಟ್ಟು ಮುಷ್ಕರ ಅಂದಾಗ ಯಾರು ಎಲ್ಲಿ ನಿಂತಿದ್ದಾರೆ ಅಂತ ಎಲ್ಲರಿಗೂ ಗೊತ್ತಿರುತ್ತದೆ. ಸಿಕ್ ಲೀವ್‌ನಲ್ಲಿ ಯಾರಿಗೆ ನಿಜವಾಗಿ ಜ್ವರ ಬಂದಿತ್ತು, ಯಾರು ನಾಟಕ ಆಡಿದರು, ಯಾರು ರಾತ್ರಿ ಮ್ಯಾನೇಜರ್‌ಗೆ ಫೋನ್ ಮಾಡಿ ಹೆಸರುಗಳನ್ನು ಕೊಟ್ಟರು, ಏನೂ ತಿಳಿಯುವುದಿಲ್ಲ. ಅನುಮಾನ ಎಲ್ಲರ ಮೇಲೂ ಬರುತ್ತದೆ. ತಪ್ಪು ಮಾಡದವನೂ ಅದನ್ನು ಹೊತ್ತುಕೊಂಡು ತಿರುಗಬೇಕಾಗುತ್ತದೆ.

ಕೆಲವು ಕಡೆ ಹಗೆ ಬೇಗ ಆರುತ್ತೆ, ಕೆಲವು ಕಡೆ ಸಾಯೋ ತನಕ ಇರುತ್ತೆ. ಯಾಕೆ?

ನನ್ನನ್ನು ಕೇಳಿದರೆ ಇಡೀ ವಿಷಯದ ತಿರುಳು ಇದೇ. ಮುಷ್ಕರ ಎಷ್ಟು ದಿನ ನಡೆಯಿತು, ಎಷ್ಟು ಗಲಾಟೆಯಾಯಿತು ಅನ್ನುವುದಕ್ಕಿಂತ ಅದು ಹೇಗೆ ಮುಗಿಯಿತು ಅನ್ನುವುದೇ ಮುಖ್ಯ. 2009ರಲ್ಲಿ ಜೆಟ್ ಪೈಲಟ್‌ಗಳದ್ದು ಐದೇ ದಿನಕ್ಕೆ ಮುಗಿಯಿತು, ಕೆಲಸದಿಂದ ತೆಗೆದಿದ್ದವರನ್ನು ವಾಪಸ್ ತೆಗೆದುಕೊಂಡರು. ಯಾರೂ ಹೊರಗೆ ಉಳಿಯಲಿಲ್ಲ. ಯುನೈಟೆಡ್‌ನಲ್ಲಿ 570 ಜನರನ್ನು ಬಿಟ್ಟು ಒಪ್ಪಂದ ಮುಗಿಸಿಕೊಂಡಿದ್ದರೂ, ಯೂನಿಯನ್ ಅವರ ಕೈ ಬಿಡಲಿಲ್ಲ. ಈಸ್ಟರ್ನ್‌ನಲ್ಲಿ ಉಲ್ಟಾ ಆಯಿತು. 1989ರ ಮಾರ್ಚ್ 4ಕ್ಕೆ ಮೆಕ್ಯಾನಿಕ್‌ಗಳು ಕೂತಾಗ ಪೈಲಟ್‌ಗಳು ಅವರ ಪರ ನಿಂತರು, ನವೆಂಬರ್‌ನಲ್ಲಿ ಸೋತು ನಿಲ್ಲಿಸಿದರು. ಅಷ್ಟು ಹೊತ್ತಿಗೆ ಅವರ ಸೀಟಿನಲ್ಲಿ ಬೇರೆಯವರಿದ್ದರು. 1991ರ ಜನವರಿಯಲ್ಲಿ ಕಂಪನಿಯೇ ಮುಚ್ಚಿತು. ಕೂತವನಿಗೂ ಕೆಲಸ ಇಲ್ಲ, ಹೋದವನಿಗೂ ಕೆಲಸ ಇಲ್ಲ, ಹಗೆ ಮಾತ್ರ ಇಬ್ಬರಿಗೂ ಉಳಿಯಿತು. ಪೈಲಟ್‌ಗಳಲ್ಲದಿದ್ದರೂ ಇನ್ನೊಂದನ್ನು ಹೇಳಬೇಕು. 1981ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್, ಮುಷ್ಕರಕ್ಕೆ ಕೂತ 11,345 ಏರ್ ಟ್ರಾಫಿಕ್ ಕಂಟ್ರೋಲರ್‌ಗಳನ್ನು ಒಂದೇ ಏಟಿಗೆ ತೆಗೆದರು, ಅವರನ್ನು ಮತ್ತೆ ತೆಗೆದುಕೊಳ್ಳಬಾರದು ಅನ್ನುವ ನಿಷೇಧ 1993ರ ತನಕ ಇತ್ತು. ಅಷ್ಟು ವರ್ಷ ಬಾಗಿಲ ಹೊರಗೆ ನಿಂತವನಿಗೆ ಒಳಗಿದ್ದವನ ಮೇಲೆ ಪ್ರೀತಿ ಹೇಗೆ ಹುಟ್ಟಬೇಕು?

ಅದಕ್ಕೇ ಯೂನಿಯನ್ ಕೆಲಸದಲ್ಲಿರುವ ಹುಡುಗರಿಗೆ ನಾನು ಯಾವಾಗಲೂ ಹೇಳುತ್ತೇನೆ, ಸಂಬಳದ ಅಂಕಿಗೆ ಜಗಳ ಆಡಿ, ಆದರೆ ಒಪ್ಪಂದದ ಕೊನೆಯ ಪುಟಕ್ಕೆ ಅದಕ್ಕಿಂತ ಜಾಸ್ತಿ ಜಗಳ ಆಡಿ. ಕೊನೆಯ ಪುಟದಲ್ಲಿ ಬರಬೇಕಾದ್ದು, ತರಬೇತಿಯಲ್ಲಿರುವವರೂ ಸೇರಿ ಎಲ್ಲರೂ ವಾಪಸ್. ಸೀನಿಯಾರಿಟಿ ಪಟ್ಟಿ ಮುಷ್ಕರದ ಹಿಂದಿನ ದಿನ ಹೇಗಿತ್ತೋ ಹಾಗೆ, ನಡುವೆ ಕೊಟ್ಟ ಬಡ್ತಿಯನ್ನೂ ಮತ್ತೆ ನೋಡಬೇಕು. ಕೇಸು, ವಿಚಾರಣೆ ಎಲ್ಲ ವಾಪಸ್. ಮತ್ತೆ ಯೂನಿಯನ್ ಕಡೆಯಿಂದಲೂ ಒಂದು ಮಾತು ಬರಹದಲ್ಲಿ ಇರಬೇಕು, ನಡುವೆ ಕೆಲಸ ಮಾಡಿದವರಿಗೆ ನಾವು ತೊಂದರೆ ಕೊಡುವುದಿಲ್ಲ ಅಂತ. ಈ ಕೊನೆಯದನ್ನು ಬರೆಯಲು ಕೈ ಬರುವುದಿಲ್ಲ, ನನಗೆ ಗೊತ್ತು. ನಮ್ಮ ಸಭೆಯಲ್ಲಿ ಒಬ್ಬ ಹಿರಿಯರು ಇದನ್ನು ಹೇಳಿದಾಗ ಕೂಗಿ ಕೂರಿಸಿದವರಲ್ಲಿ ನಾನೂ ಒಬ್ಬ.

ಆ ನಿಪ್ಪಟ್ಟಿನ ಹುಡುಗನ ಜೊತೆ ಈಗ ಮಾತಾಡ್ತೀರಾ?

ಮಾತಾಡುತ್ತೇನೆ. ನಾನು ನಿವೃತ್ತನಾದ ಮೇಲೆ ಮಂಡ್ಯದಲ್ಲಿ ಒಂದು ಮದುವೆಯಲ್ಲಿ ಸಿಕ್ಕಿದ. ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಗೇ ಬಂದು ಕೂತ, ಬೇಕಂತಲೇ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ ಉಂಡೆವು. ಆಮೇಲೆ ಅವನೇ ಹೇಳಿದ, 'ಯೂನಿಯನ್‌ನೋರು ಬೈದಿದ್ದು ನಂಗೆ ನೆನಪೇ ಇಲ್ಲ ಅಣ್ಣ. ನೀವು ಡಬ್ಬಿ ಮುಟ್ಟಲಿಲ್ಲವಲ್ಲ, ಅದು ಮರೆಯಕ್ಕಾಗಿಲ್ಲ.' ನಾನು ತಪ್ಪಾಯ್ತು ಕಣೋ ಅಂದೆ. ಅಣ್ಣ ಅಂದನಲ್ಲ ಅಂತ ಹೊಳೆದದ್ದು ಮನೆಗೆ ಬಂದ ಮೇಲೆ.

ಈಗ ಮೈಸೂರಿಗೆ ಬಂದಾಗ ಮನೆಗೆ ಬರುತ್ತಾನೆ. ಮುಷ್ಕರದ ಒಂಬತ್ತನೇ ದಿನ ಅವನು ಹೋದದ್ದು ಸರಿಯೋ ತಪ್ಪೋ ಅನ್ನುವುದರಲ್ಲಿ ನಾವಿಬ್ಬರೂ ಇನ್ನೂ ಒಪ್ಪಿಲ್ಲ. ಹೋದ ಸಲ ಬಂದಾಗಲೂ ಅದೇ ಮಾತಿಗೆ ರಾತ್ರಿ ಹನ್ನೊಂದಾಯಿತು.